ಗಿಣಿಗೇರಾ–ಸಿಂಧನೂರು–ರಾಯಚೂರು ರೈಲು ಮಾರ್ಗ: ಹಳೇ ಕಥಿ ಗೊತ್ತಿದ್ದವರು ಬರೀರಿ

ಕಾರಟಗಿ ಕಾಲುವಿ

ಹೋದ ವಾರ ಹುಬ್ಬಳ್ಳಿಯಿಂದ ಸಿಂಧನೂರು ಗಾಡಿ ಹತ್ತಿ ಕಾರಟಗಿಗೆ ಇಳದೆ. ನಮ್ಮಪ್ಪ ಬೈಕ್ ತಗೊಂಡು ಸ್ಟೇಷನ್ನಿಗೆ ಬಂದಿದ್ದ. ನನ್ನ ಬ್ಯಾಗ್ ಕೈಯಾಗ ಹಿಡಕೊಂಡು ನಿಂತವ ಹೊಂಡವಲ್ಲ. ಗಾಡಿ ಸಿಂಧನೂರು ಕಡಿ ಹೋಗಿ ಹಿಂದಿನ ಡಬ್ಬಿ ಕಾಣದಂಗ ಆಗೂ ತನಕ ನೋಡಿದ. ಆಮ್ಯಾಲ ಕೇಳಿದ: “ಇದು ರಾಯಚೂರು ಯಾವಾಗ ಮುಟ್ಟತೈತಿ?”

ಯಾಕ ಕೇಳಿದ ಅಂತ ಹಳಬರಿಗೆ ಹೇಳೂದು ಬ್ಯಾಡ, ಹುಡುಗರಿಗೆ ಹೇಳತೀನಿ. 1997ರ ತನಕ ಕೊಪ್ಪಳ ಜಿಲ್ಲಾ ಅನ್ನೂದ ಇರಲಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಕೂ ತಾಲ್ಲೂಕು ರಾಯಚೂರು ಜಿಲ್ಲಾದಾಗ. ನಮ್ಮ ಕಾರಟಗಿ ಆಗ ಗಂಗಾವತಿ ತಾಲ್ಲೂಕಿನ ಊರು. 1993ರಾಗ ನಮ್ಮಪ್ಪಂದು ಒಂದು ಪಹಣಿ ತಕರಾರು ಇತ್ತು, ಅಣ್ಣ ತಮ್ಮರ ನಡುವಿಂದು. ತಾರೀಖು ಬಂದಾಗೊಮ್ಮೆ ಬುತ್ತಿ ಕಟಗೊಂಡು ನಸುಕಿನ್ಯಾಗ ಬಸ್ಸು. ಸಿಂಧನೂರಾಗ ಇಳದು ಇನ್ನೊಂದು ಬಸ್ಸು. ರಾಯಚೂರು ಮುಟ್ಟೂದ್ರಾಗ ಬಿಸಲು ನೆತ್ತಿ ಮ್ಯಾಲ. “ಸಾಹೇಬ್ರು ಕ್ಯಾಂಪ್ ಹೋಗ್ಯಾರ” ಅಂದ್ರ ಮುಗೀತು, ಮತ್ತ ಮುಂದಿನ ತಾರೀಖು. ರೊಟ್ಟಿ ಆಫೀಸಿನ ಬೇವಿನ ಗಿಡದ ಬುಡಕ ಕುಂತು ತಿಂದು ಹೊಳ್ಳಿ ಬರೂದು. ಹಂಗ ಹನ್ನೊಂದು ಸಲ ಹೋಗ್ಯಾನ. ಲೆಕ್ಕ ಅವನ ಬಾಯಾಗ ಇನ್ನೂ ಐತಿ.

ಈ ಮಾರ್ಗಕ್ಕ ರೈಲ್ವೆ ಬಜೆಟ್ಟಿನ್ಯಾಗ ಮಂಜೂರಿ ಸಿಕ್ಕಿದ್ದು 1997–98ಕ್ಕ. ಕೊಪ್ಪಳ ರಾಯಚೂರಿಂದ ಬ್ಯಾರೆ ಆಗಿದ್ದೂ 1997ರಾಗ. ಅಂದ್ರ ನಮ್ಮನ್ನ ಜಿಲ್ಲಾ ಕೇಂದ್ರಕ್ಕ ಕೂಡಿಸೂ ಹಳಿ ಕಾಗದದ ಮ್ಯಾಲ ಬಂದ ವರ್ಷನ ಆ ಊರು ನಮ್ಮ ಜಿಲ್ಲಾ ಕೇಂದ್ರ ಆಗಿ ಉಳೀಲಿಲ್ಲ! ಈಗ ಹಳಿ ಬಂದೈತಿ, ಸಿಂಧನೂರಿಗೆ ಬಂದು ನಿಂತೈತಿ.

ಈ ಮಾರ್ಗದ ಕಥಿ ಒಂದ ಕಡಿ ಯಾರೂ ಕೂಡಿಸಿ ಬರದಿಲ್ಲ. ಯಾಕ ಇಷ್ಟು ತಡ ಆತು, ಮುನಿರಾಬಾದ್ ಅಂತ ಹೆಸರಿಟ್ಟು ಗಿಣಿಗೇರಾದಿಂದ ಯಾಕ ಹೊಂಟರು, ಗದ್ದಿ ಕಳಕೊಂಡವರು ಏನಂತಾರ? ಗೊತ್ತಿದ್ದಷ್ಟು ಬರೀರಿ.

ನವರಂಗ್ ದರ್ವಾಜಾ

ರಾಯಚೂರಿಂದ ನಾನು. ನಿಮ್ಮ ಅಪ್ಪಾಜಿಗೆ ನಮಸ್ಕಾರ ಹೇಳ್ರಿ. ಆ ಬೇವಿನ ಗಿಡದ ಬುಡಕ ಎಷ್ಟು ಮಂದಿ ಬುತ್ತಿ ಬಿಚ್ಚ್ಯಾರೋ!

ಕಥಿ 1997ರಿಂದ ಸುರು ಮಾಡಬ್ಯಾಡ್ರಿ, 1871ರಿಂದ ಸುರು ಮಾಡ್ರಿ. ಮುಂಬೈ ಕಡಿಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿ, ಮದ್ರಾಸ್ ಕಡಿಂದ ಮದ್ರಾಸ್ ರೈಲ್ವೆ, ಇಬ್ಬರೂ ಹಳಿ ಹಾಕ್ಕೋತ ಬಂದು ಕೂಡಿದ್ದು ನಮ್ಮ ರಾಯಚೂರಿನಾಗ. ಮುಂಬೈ–ಮದ್ರಾಸ್ ನೇರ ರೈಲು ಆದದ್ದು ಹಂಗ. ನಿಜಾಮರ ನಾಡಿನಾಗ ಇದ್ರೂ ನಮ್ಮ ಊರಿಗೆ ರೈಲು ಬಂದದ್ದು ಇಂಗ್ಲಿಷರ ಎರಡು ಪಟ್ಟಣ ಕೂಡಿಸಲಿಕ್ಕೆ.

ಇನ್ನ ಕೊಪ್ಪಳ ಕಡಿ ನೋಡ್ರಿ. ಅದು ಸಾಲಾರ್ ಜಂಗರ ಜಾಗೀರು. ಅಲ್ಲಿ ಹಾದು ಹೋದದ್ದು ಸದರ್ನ್ ಮರಾಠಾ ರೈಲ್ವೆ, 1880ರ ದಶಕದಾಗ, ಗದಗ–ಹೊಸಪೇಟೆ ಮಾರ್ಗ. ಅದೂ ಮೀಟರ್ ಗೇಜ್, ಸಣ್ಣ ಅಗಲದ ಹಳಿ. ನಮ್ಮದು ಬ್ರಾಡ್ ಗೇಜ್, ದೊಡ್ಡ ಅಗಲದ್ದು.

ಅಂದ್ರ ದೋಆಬಿನ ಎರಡು ಅಂಚಿನಾಗ ಎರಡು ರೈಲು, ಎರಡು ಅಳತಿ, ಎರಡು ಕಂಪನಿ. ನಡುವ ಸಿಂಧನೂರು, ಮಾನ್ವಿ, ಗಂಗಾವತಿ, ಯಾವುದಕ್ಕೂ ಒಂದು ಮಾರು ಹಳಿ ಇಲ್ಲ. ಕೃಷ್ಣಾ ತುಂಗಭದ್ರಾ ನಡುವಿನ ಈ ಭೂಮಿಗೆ ವಿಜಯನಗರದವರೂ ಬಹಮನಿಗಳೂ ಬಡದಾಡಿದ್ರು ಅಂತ ಸಾಲಿ ಪುಸ್ತಕದಾಗ ಓದೀವಿ. ರೈಲಿನವರಿಗೆ ಮಾತ್ರ ಬ್ಯಾಡಾಯ್ತು.

ಗೇಜ್ ಮಾತು ಸಣ್ಣದಲ್ಲ. 1960ರಾಗೋ 70ರಾಗೋ ಈ ಮಾರ್ಗ ಹಾಕಿದ್ರೂ ಒಂದು ತುದಿಗೆ ಮೀಟರ್, ಇನ್ನೊಂದು ತುದಿಗೆ ಬ್ರಾಡ್. ಯಾವುದೋ ಒಂದು ಕಡಿ ಇಳದು ಗಾಡಿ ಬದಲಿ ಮಾಡೂದು ತಪ್ಪತಿರಲಿಲ್ಲ, ಚೀಲ ಚೀಲ ಅಕ್ಕಿ ಹೊತ್ತು ಈ ವ್ಯಾಗನ್ನಿಂದ ಆ ವ್ಯಾಗನ್ನಿಗೆ ಹಾಕೂದೂ ತಪ್ಪತಿರಲಿಲ್ಲ. ಹುಬ್ಬಳ್ಳಿ–ಹೊಸಪೇಟೆ ಬ್ರಾಡ್ ಆದದ್ದು 1990ರ ದಶಕದಾಗ. ಅದರ ಬೆನ್ನಿಗೇ ಇದು ಮಂಜೂರಾಯ್ತು. ಎರಡೂ ಬರೇ ಕಾಕತಾಳೀಯ ಅಂತ ನನಗ ಅನಿಸೂದಿಲ್ಲ.

ಡ್ಯಾಂ ಕಾಲೊನಿ

ಹೆಸರಿನ ಬಗ್ಗೆ ಕೇಳಿದ್ದೀರಿ. ಕಡತದಲ್ಲಿ ಇದು ಮುನಿರಾಬಾದ್–ಮಹಬೂಬ್‌ನಗರ ಹೊಸ ಮಾರ್ಗ, ಒಟ್ಟು 246 ಕಿ.ಮೀ. ಅದರಲ್ಲಿ ಗಿಣಿಗೇರಾದಿಂದ ರಾಯಚೂರಿನ ಭಾಗ ಸುಮಾರು 165 ಕಿ.ಮೀ. ಮುನಿರಾಬಾದಿನಲ್ಲೇ ಹುಟ್ಟಿ ಬೆಳೆದವನಾಗಿ ಹೇಳುತ್ತೇನೆ, ನಮ್ಮ ಸ್ಟೇಷನ್ನಿನಿಂದ ಈ ಮಾರ್ಗದ ಒಂದು ಸ್ಲೀಪರೂ (ಹಳಿ ಕೆಳಗಿನ ಅಡ್ಡಪಟ್ಟಿ) ಕಾಣುವುದಿಲ್ಲ. ಹೆಸರು ನಮ್ಮದು, ಜಂಕ್ಷನ್ ಪಕ್ಕದ ಊರಿನದು. ಮದುವೆ ಪತ್ರಿಕೆಯಲ್ಲಿ ಹೆಸರು ಹಾಕಿ ಊಟಕ್ಕೆ ಎಲೆ ಹಾಕದ ಹಾಗೆ.

ನಕಾಶೆ ತೆಗೆದು ನೋಡಿದರೆ ಅರ್ಥ ಆಗುತ್ತದೆ. ಮುನಿರಾಬಾದಿನಿಂದ ಗಂಗಾವತಿಗೆ ನೇರ ಗೆರೆ ಎಳೆದರೆ ಆನೆಗೊಂದಿ ಕಡೆಯ ಬಂಡೆಗುಡ್ಡಗಳು ಅಡ್ಡ. ಒಂದರ ಮೇಲೊಂದು ಪೇರಿಸಿಟ್ಟ ಕಲ್ಲು. ಅದರ ಕೆಳಗೆ ಹೊಳೆ. ಹೊಳೆ ದಂಡೆಯ ತುಂಬ ವಿಜಯನಗರದ ಕಾಲದ ಗುಡಿ, ಕಾಲುವೆ. ಅಲ್ಲಿ ಹಳಿ ಹಾಕುತ್ತೇವೆ ಅಂದರೆ ಕಲ್ಲೂ ಬಿಡುವುದಿಲ್ಲ, ಪುರಾತತ್ವದವರೂ ಬಿಡುವುದಿಲ್ಲ. ಗಿಣಿಗೇರಾದಿಂದ ಹೊರಟರೆ ಬೂದಗುಂಪಾ, ಜಬ್ಬಲಗುಡ್ಡ, ಚಿಕ್ಕಬೆಣಕಲ್ ಕಡೆಯಿಂದ ಗುಡ್ಡದ ಉತ್ತರಕ್ಕೆ ಸುತ್ತಿ ಗಂಗಾವತಿ ಸೇರಬಹುದು.

ಇದರಿಂದ ನಷ್ಟ ಆಗಿದ್ದು ಹೊಸಪೇಟೆಯವರಿಗೆ. ಗಂಗಾವತಿ ಅವರಿಗೆ ಪೂರ್ವಕ್ಕಿದೆ, ಗಾಡಿ ಮೊದಲು ಪಶ್ಚಿಮಕ್ಕೆ ಗಿಣಿಗೇರಾಕ್ಕೆ ಬಂದು ಅಲ್ಲಿಂದ ಪೂರ್ವಕ್ಕೆ ಹೋಗಬೇಕು. ಬಸ್ಸಿನವರು ಗಂಗಾವತಿ ಮುಟ್ಟಿ ಚಹಾ ಕುಡಿಯುವಷ್ಟರಲ್ಲಿ ರೈಲಿನವರು ಇನ್ನೂ ದಾರಿಯಲ್ಲಿ.

ಒಂದು ಮಾತು. ತುಂಗಭದ್ರಾ ಡ್ಯಾಮಿಗೆ ಅಡಿಗಲ್ಲು ಬಿದ್ದಿದ್ದು 1945ರಲ್ಲಿ, ನಮ್ಮ ದಂಡೆಯಲ್ಲಿ ಹೈದರಾಬಾದಿನ ಯುವರಾಜ, ಆ ದಂಡೆಯಲ್ಲಿ ಮದ್ರಾಸಿನ ಗವರ್ನರ್. ಕಾಲುವೆಗೆ ನೀರು ಬಂದಿದ್ದು 1953ರಲ್ಲಿ. ಎಡದಂಡೆ ಕಾಲುವೆ ಸುಮಾರು 226 ಕಿ.ಮೀ. ಉದ್ದ, ಗಂಗಾವತಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರಿನ ಕಡೆಗೆ ಹೋಗುತ್ತದೆ. ರೈಲು ಮಾರ್ಗದ ಗುರಿಯೂ ಅದೇ ದಿಕ್ಕು, ಅವೇ ಊರು. ನೀರಿಗೆ ಎಂಟು ವರ್ಷ ಸಾಕಾಯಿತು. ಹಳಿ ನೋಡಿದರೆ ಮಂಜೂರಾಗಿ ಕಾಲು ಶತಮಾನ ಕಳೆದ ಮೇಲೆ ಸಿಂಧನೂರಿನಲ್ಲಿದೆ.

ಕುಷ್ಟಗಿ ಹುಡುಗ

ಅಣ್ಣಾವ್ರ, ಸಿಟ್ಟಾಗಬ್ಯಾಡ್ರಿ. ನಮ್ಮ ಗದಗ–ವಾಡಿ ಮಾರ್ಗ ಮಂಜೂರಾಗಿದ್ದು 2013–14ಕ್ಕ. ತಳಕಲ್, ಯಲಬುರ್ಗಾ ದಾಟಿ 2025ರ ಮೇ ತಿಂಗಳದಾಗ ಕುಷ್ಟಗಿಯಿಂದ ಹುಬ್ಬಳ್ಳಿಗೆ ಗಾಡಿ ಬಿಟ್ಟೂ ಬಿಟ್ಟರು. ನಿಮಗ ಹದಿನಾರು ವರ್ಷ ಹಿರೀತನ ಇದ್ರೂ ನೀವು ಸಿಂಧನೂರಾಗ ಕುಂತೀರಿ. ಭತ್ತದ ಸಾವಕಾರ್ರು ನೀವು, ಲಾರಿ ಇದ್ದವರು. ನಿಮಗ ರೈಲು ಬೇಕಾಗಿತ್ತೇನು ಖರೇನ? 😄

ಕಾರಟಗಿ ಕಾಲುವಿ

ತಮ್ಮಾ, ನಗು ನಗು. ನಮ್ಮ ಗಂಗಾವತಿಗೆ ಗಾಡಿ ಬಂದಿದ್ದು 2019ಕ್ಕ. ಆಮ್ಯಾಲ ಕಾರಟಗಿ. ಸಿಂಧನೂರಿಗೆ 2024ರ ಮಾರ್ಚ್. ಮಂಜೂರಾದ ದಿನ ಹುಟ್ಟಿದ ಕೂಸು ಗಂಗಾವತಿಗೆ ಗಾಡಿ ಬರೂದ್ರಾಗ ಡಿಗ್ರಿ ಮುಗಿಸಿತ್ತು. ನಿಮ್ಮದು ಒಣ ಬೇಸಾಯದ ಸೀಮಿ, ಸಜ್ಜಿ ತೊಗರಿ ಹೊಲ. ಇಲ್ಲಿ ಎರಡು ಬೆಳಿ ಬರೂ ಗದ್ದಿ. ಒಂದು ಗುಂಟೆ ಕೇಳಿದ್ರ ಒಂದು ಕೋರ್ಟ್ ಕೇಸು. ಅದನ್ನ ನನಗಿಂತ ಅನುಭವಿಸಿದವರು ಹೇಳಲಿ.

ಸಿದ್ದಾಪುರ ಗದ್ದಿ

ನಾನು ಹೇಳತೀನಿ. ನಮ್ಮ ಮೂರೆಕರೆ ಗದ್ದಿ ನಟ್ಟ ನಡುವ ಹಳಿ ಹೋಗೈತಿ.

ಹೋದ ಜಾಗಾಕ್ಕ ದುಡ್ಡು ಬಂತು. ತಡ ಆತು, ಕಡಿಮಿ ಆತು, ಎರಡು ವರ್ಷ ಆ ಆಫೀಸು ಈ ಆಫೀಸು ಅಡ್ಡಾಡಿದ್ವಿ, ಆದ್ರ ಬಂತು. ಅದರ ಮಾತು ಬಿಡ್ರಿ. ಉಳದ ಜಾಗಾದ ಕಥಿ ಯಾರಿಗೂ ಗೊತ್ತಿಲ್ಲ.

ಗದ್ದಿ ಅಂದ್ರ ಬರೇ ಮಣ್ಣಲ್ಲ, ನೀರಿನ ದಾರಿ. ಉಪಕಾಲುವಿಯ ತೂಬು ನಮ್ಮ ಗದ್ದಿಯ ಮ್ಯಾಲಿನ ಮೂಲ್ಯಾಗ ಐತಿ. ಅಲ್ಲಿಂದ ನೀರು ಮಡಿಯಿಂದ ಮಡಿಗೆ ಇಳಕೊಂತ ಕೆಳಗಿನ ಬದುವಿನ ತನಕ ಹೋಗತಿತ್ತು. ಏರಿ ಬಂದು ನಡುವ ಕುಂತ ಮ್ಯಾಲ ಮ್ಯಾಲಿನ ಒಂದೂವರೆ ಎಕರೆಗೆ ನೀರು ಹೆಚ್ಚು, ಕೆಳಗಿನ ಒಂದೂ ಕಾಲು ಎಕರೆಗೆ ನೀರ ಇಲ್ಲ. ಏರಿ ಕೆಳಗ ಪೈಪ್ ಹಾಕಿ ಕೊಡ್ರಿ ಅಂತ ಅರ್ಜಿ ಕೊಟ್ವಿ. ಬಂದವರು ಅಳತಿ ಮಾಡಿದ್ರು, ಹೋದ್ರು. ಒಂದು ಹಂಗಾಮು ಕೆಳಗಿನ ತುಂಡಿನ್ಯಾಗ ಜ್ವಾಳ ಹಾಕಿದ್ವಿ. ಸುತ್ತ ಭತ್ತ, ನಡುವ ನಮ್ಮ ಒಂದು ಪಟ್ಟಿ ಜ್ವಾಳ. ಆ ಸೀಮ್ಯಾಗಿದ್ದ ಗುಬ್ಬಿ ಎಲ್ಲಾ ನಮ್ಮ ತೆನಿ ಮ್ಯಾಲ! ಮನಿಗೆ ಬಂದಿದ್ದು ಎರಡೂವರೆ ಚೀಲ.

ಇನ್ನ ಯಂತ್ರದ್ದು. ಕೊಯ್ಯೂ ಮಿಷನ್ ಆ ಕಡಿ ತುಂಡಿಗೆ ಹೋಗಬೇಕಂದ್ರ ಕೆಳಸೇತುವೆ ಹುಡುಕಿಕೊಂಡು ಸುತ್ತ ಹಾಕಬೇಕು. ಮಿಷನ್ನಿನವ ತಾಸಿನ ಲೆಕ್ಕ. ಸುತ್ತಿದ್ದೂ ನಮ್ಮ ಲೆಕ್ಕಕ್ಕ.

ರೈಲು ಬ್ಯಾಡ ಅಂತ ನಾ ಅನ್ನೂದಿಲ್ಲ. ನನ್ನ ಮಗಳು ಗಂಗಾವತಿ ಕಾಲೇಜಿಗೆ ಹೋಗೂದು ಅದ ಗಾಡಿಯಾಗ.

ಮರಂ ಮತ್ತು ಜಲ್ಲಿ

ಈ ಮಾರ್ಗದ ಒಂದು ತುಂಡಿನಲ್ಲಿ ಗುತ್ತಿಗೆದಾರರ ಕಡೆಯಿಂದ ಸೈಟ್ ಸೂಪರ್‌ವೈಸರ್ ಆಗಿ ಮೂರು ವರ್ಷ ಇದ್ದೆ. ಗದ್ದಿ ಅಣ್ಣನ ಮಾತು ಸುಳ್ಳಲ್ಲ. ನಮ್ಮ ಕಡೆಯ ಕಷ್ಟವನ್ನೂ ಹೇಳುತ್ತೇನೆ, ಸಮಜಾಯಿಷಿ ಅಂದುಕೊಳ್ಳಬೇಡಿ.

ಗಿಣಿಗೇರಾ ಕಡೆ ಕೆಂಪು ಮಣ್ಣು, ಕಲ್ಲು. ಅಗೆಯುವುದು ಕಷ್ಟ, ಆದರೆ ಒಮ್ಮೆ ಅಗೆದರೆ ಗಟ್ಟಿ. ಗಂಗಾವತಿ ದಾಟಿದ ಮೇಲೆ ಉಲ್ಟಾ. ಎರೆ ಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ನೇರವಾಗಿ ಏರಿ ಕಟ್ಟಿದರೆ ಎರಡು ಮಳೆಗಾಲಕ್ಕೆ ಹಳಿ ಹಾವಿನ ಹಾಗೆ ಆಗುತ್ತದೆ. ಅದಕ್ಕೆ ಒಳ್ಳೆಯ ಮಣ್ಣು ಹೊರಗಿಂದ ತರಬೇಕು, ಪದರ ಪದರವಾಗಿ ಹಾಕಿ ರೋಲರ್ ಹೊಡೆಯಬೇಕು, ಮೇಲೆ ಮರಂ ಅನ್ನುವ ಗರಸು ಮಣ್ಣು, ಅದರ ಮೇಲೆ ಜಲ್ಲಿ, ಆಮೇಲೆ ಸ್ಲೀಪರ್. ಗದ್ದೆ ಸೀಮೆಯಲ್ಲಿ ಮರಂ ಎಲ್ಲಿ ಸಿಗಬೇಕು? ಒಂದೊಂದು ಟಿಪ್ಪರ್ ಎಷ್ಟೋ ದೂರದಿಂದ ಬರಬೇಕು. ಟಿಪ್ಪರ್ ಓಡಾಡಿ ಹಳ್ಳಿ ರಸ್ತೆ ಕಿತ್ತುಹೋದರೆ ಊರವರು ಅಡ್ಡ ಹಾಕುತ್ತಾರೆ. ಅವರದ್ದೂ ತಪ್ಪಲ್ಲ.

ಎರಡನೆಯದು ನೀರು. ಮುಖ್ಯ ಕಾಲುವೆ, ವಿತರಣಾ ಕಾಲುವೆ, ಹೊಲಗಾಲುವೆ, ಬಸಿ ನೀರಿನ ಹಳ್ಳ. ನಾಲ್ಕು ಹೆಜ್ಜೆಗೆ ಒಂದು ಮೋರಿ ಬೇಕು. ಕಾಲುವೆಯಲ್ಲಿ ನೀರಿದ್ದಾಗ ಅದರೊಳಗೆ ಬುನಾದಿ ತೆಗೆಯಲು ನೀರಾವರಿಯವರು ಬಿಡುವುದಿಲ್ಲ, ಬಿಡಲೂಬಾರದು. ಎರಡನೇ ಬೆಳೆಗೆ ನೀರು ನಿಲ್ಲುವುದು ಏಪ್ರಿಲ್ಲಿನಲ್ಲಿ. ಜುಲೈನಲ್ಲಿ ಮತ್ತೆ ನೀರು. ನಡುವೆ ಸಿಗುವುದು ಎರಡು ಎರಡೂವರೆ ತಿಂಗಳು. ಆ ಹೊತ್ತಿಗೆ ಸರಿಯಾಗಿ ಕಬ್ಬಿಣ ಬಂದಿಲ್ಲ ಅಂದರೆ, ಬಿಲ್ ಆಗಿಲ್ಲ ಅಂದರೆ ಇನ್ನೊಂದು ವರ್ಷ ಹೋಯಿತು. ಕುಷ್ಟಗಿ ತಮ್ಮನಿಗೆ ಉತ್ತರ ಸಿಕ್ಕಿತು ಅಂದುಕೊಳ್ಳುತ್ತೇನೆ.

ಕೆಳಸೇತುವೆ ಬಗ್ಗೆ ಬೈಯುತ್ತೀರಿ, ಗೊತ್ತು. ಗೇಟ್ ಇಡಬಾರದು ಅನ್ನುವುದು ಈಗಿನ ನೀತಿ, ಅದಕ್ಕೆ ಹಳಿ ಕೆಳಗೆ ದಾರಿ ಕೊರೆಯುತ್ತಾರೆ. ಒಣ ಸೀಮೆಯಲ್ಲಿ ಅದು ಸರಿ. ಸುತ್ತ ಆರು ತಿಂಗಳು ನೀರು ನಿಂತ ಗದ್ದೆ ಇರುವ ಕಡೆ ನೆಲಕ್ಕಿಂತ ಕೆಳಗೆ ರಸ್ತೆ ತೋಡಿದರೆ ಅದು ಬಾವಿ. ನನ್ನ ಮೇಲಿನವರಿಗೆ ಇದನ್ನು ಹೇಳಿದ್ದೆ. “ಡ್ರಾಯಿಂಗ್ ಪ್ರಕಾರ ಮಾಡು” ಅಂದರು.

ಸೋನಾ ಮಸೂರಿ

“ಭತ್ತದ ಸಾವಕಾರ್ರಿಗೆ ರೈಲು ಬೇಕೇನು” ಅಂತ ಕುಷ್ಟಗಿ ಹುಡುಗ ಕೇಳ್ಯಾನ. ನಾನು ಒಂದು ರೈಸ್ ಮಿಲ್ಲಿನ್ಯಾಗ ಹದಿನೆಂಟು ವರ್ಷದಿಂದ ಲೆಕ್ಕ ಬರೀತೀನಿ. ಖರೇ ಹೇಳಬೇಕಂದ್ರ ನಮ್ಮ ಅಕ್ಕಿ ಇನ್ನೂ ಲಾರಿ ಮ್ಯಾಲನ ಹೋಗತೈತಿ.

ಲೆಕ್ಕ ಕೇಳ್ರಿ. ರೈಲಿನ ಒಂದು ಪೂರಾ ರೇಕ್ ಅಂದ್ರ ನಲವತ್ತು ಚಿಲ್ಲರೆ ಮುಚ್ಚಿದ ವ್ಯಾಗನ್, ಎರಡೂವರೆ ಸಾವಿರ ಟನ್ ಮ್ಯಾಲ. ಲಾರಿ ಒಂದಕ್ಕ ಇಪ್ಪತ್ತೈದು ಟನ್ ಹಿಡೀರಿ. ಅಂದ್ರ ನೂರು ಲಾರಿ ಮಾಲು ಒಂದ ಜಾಗಾದಾಗ, ಒಂದ ದಿನ, ಒಂದ ಊರಿಗೆ ಹೋಗೂದಿರಬೇಕು. ಯಾವ ಮಿಲ್ಲಿನವಗ ಅಂಥಾ ಆರ್ಡರ್ ಬರತೈತಿ? ನಮ್ಮ ಗಿರಾಕಿ ಬೆಂಗಳೂರಿನ ಯಶವಂತಪುರ ಮಂಡಿಯವ, ಅವಗ ಬೇಕಾಗಿದ್ದು ಒಂದು ಲಾರಿ. ಅದರಾಗ ನಾಕು ಬ್ರಾಂಡು. ಅರ್ಧ ಹಳೇ ಅಕ್ಕಿ, ಅರ್ಧ ಸ್ಟೀಮ್. 25 ಕಿಲೋ ತನಕದ ಪ್ಯಾಕಿಗೆ ಜಿ.ಎಸ್.ಟಿ. ಅಂತ 2022ರಾಗ ಬಂದ ಮ್ಯಾಲ ನಾವೆಲ್ಲಾ 26 ಕಿಲೋ ಚೀಲಕ್ಕ ಬಂದೀವಿ. ಚೀಲ ತೂಗಿ ಹೊಲದು ಲಾರಿಗೆ ಏರಿಸಿದ್ರ ಮರುದಿನ ಮುಂಜಾನೆ ಅವನ ಅಂಗಡಿ ಬಾಗಲಾಗ ಇಳೀತೈತಿ. ರೈಲಾದ್ರ ಮಿಲ್ಲಿನಿಂದ ಗೂಡ್ಸ್ ಶೆಡ್ಡಿಗೆ ಒಂದು ಹಮಾಲಿ, ವ್ಯಾಗನ್ನಿಗೆ ಏರಿಸಾಕ ಒಂದು, ಅಲ್ಲಿ ಇಳಸಾಕ ಒಂದು, ಮತ್ತ ಲಾರಿಗೆ ಒಂದು. ಕೊಟ್ಟ ತಾಸಿನ್ಯಾಗ ತುಂಬಲಿಲ್ಲಂದ್ರ ಡೆಮರೇಜ್ ಅಂತ ದಂಡ ಬ್ಯಾರೆ.

ರೇಕ್ ಲೆಕ್ಕಕ್ಕ ಬರೂದು ಗೊಬ್ಬರ. ಹಂಗಾಮಿನ್ಯಾಗ ಯೂರಿಯಾ ಒಮ್ಮೆಗೇ ಬೇಕು, ಸಾವಿರಾರು ಟನ್ ಬೇಕು, ಒಂದ ಸೀಮಿಗೆ ಬೇಕು. ಗೊಬ್ಬರ ರೈಲಿನ್ಯಾಗ ನಮ್ಮ ಸೀಮಿಯೊಳಗನ ಇಳದ್ರ ರೈತರಿಗೆ ಲಾಭ. ಅಕ್ಕಿ ರೈಲು ಅಕ್ಕಿ ರೈಲು ಅಂತ ಭಾಷಣ ಮಾಡಿದವರು ಮಿಲ್ಲಿನ ಲೆಕ್ಕ ನೋಡಿದವರಲ್ಲ.

ಹಳೇ ಬಳ್ಳಾರಿ

ಮಿಲ್ಲಿನವರು ಹೇಳಿದ್ದು ಕೇಳಿ ನಮ್ಮ ಕಡೆ ಕಥೆ ನೆನಪಾತು. ವಯಸ್ಸಾದವನು, ಉದ್ದ ಬರೆದ್ರೆ ಬೈಬ್ಯಾಡಿ.

ನಮ್ಮ ಜಿಲ್ಲೆಗೆ 1876–78ರಾಗೆ ಭಯಂಕರ ಬರ ಬಂತು. ಧಾತು ಬರ ಅಂತ ನಮ್ಮಜ್ಜಿ ಹೇಳ್ತಿದ್ಲು, ಆಕಿ ಕೂಡ ತನ್ನ ಅಜ್ಜಿ ಬಾಯಾಗೆ ಕೇಳಿದ್ದು. ಆಮೇಲೆ ಬರಗಾಲಕ್ಕೆ ಕಾಳು ಮುಟ್ಟಿಸೋಕೆ ಅಂತ ಅಡ್ಡ ಮಾರ್ಗ ಹಾಕಿದ್ರು. ಹೊಸಪೇಟೆ–ಕೊಟ್ಟೂರು ಒಂದು, ಬಳ್ಳಾರಿ–ರಾಯದುರ್ಗ ಒಂದು. ಎರಡೂ ಮೀಟರ್ ಗೇಜ್, ಎರಡೂ 1905ರ ಸುಮಾರಿಗೆ. ಮಂದಿ ಸಾಯಬಾರ್ದು ಅಂತ ಹಾಕಿದ ಹಳಿ ಅವು.

ಕೊಟ್ಟೂರು ಗಾಡಿ ನಾನು ಹತ್ತೀನಿ. ಕೊಟ್ಟೂರೇಶ್ವರನ ತೇರಿಗೆ ಗಾಡಿ ಒಳಗೆ ಜಾಗ ಸಿಗ್ತಿರಲಿಲ್ಲ, ಬಾಗಿಲಾಗೆ ಜೋತುಬಿದ್ದು ಹೋಗ್ತಿದ್ವಿ. ಮರಿಯಮ್ಮನಹಳ್ಳಿ ಬಂತಂದ್ರೆ ಒಂದು ಕಡೆ ಡ್ಯಾಮಿನ ನೀರು ಸಮುದ್ರ ಇದ್ದಂಗೆ. ಆ ನೀರಿನ ಕೆಳಗೆ ನಾರಾಯಣದೇವರಕೆರೆ ಊರು ಮುಳುಗೈತೆ.

ಆಮೇಲೆ ಬ್ರಾಡ್ ಗೇಜ್ ಮಾಡ್ತೀವಿ ಅಂತ ಪ್ಯಾಸೆಂಜರ್ ನಿಲ್ಲಿಸಿದ್ರು. ಬ್ರಾಡ್ ಗೇಜ್ ಆತು. ಅದಿರಿನ ಗಾಡಿ ಓಡಿತು. ಮಂದಿ ಗಾಡಿ ಬರಲಿಲ್ಲ. ಮುಂದೆ ಕೊಟ್ಟೂರಿಂದ ಹರಿಹರಕ್ಕೂ ಹಳಿ ಬಂತು. ಹೋರಾಟ ಮಾಡಿದ್ರು, ಸ್ಟೇಷನ್ ಮುಂದೆ ಕುಂತರು. ಕಡೆಗೆ ಹೊಸಪೇಟೆಯಿಂದ ಕೊಟ್ಟೂರು ಮೇಲೆ ಹರಿಹರಕ್ಕೆ ಪ್ಯಾಸೆಂಜರ್ ಓಡಿದ್ದು 2019ರಾಗೆ. ಅಷ್ಟರಾಗೆ ಮೀಟರ್ ಗೇಜ್ ನೋಡಿದವ್ರು ಅರ್ಧ ಮಂದಿ ಹೋಗಿದ್ರು.

ಅದಕ್ಕೆ ಹೇಳ್ತೀನಿ, ರಾಯಚೂರಿಗೆ ಹಳಿ ಮುಟ್ಟಿದ ದಿನ ಪಟಾಕಿ ಹೊಡೀಬ್ಯಾಡಿ. ದಿನಕ್ಕೆ ಎಷ್ಟು ಗಾಡಿ, ಯಾವ ಹೊತ್ತಿಗೆ ಅಂತ ಕೇಳಿ. ಹಳಿ ಇದ್ದ ಕಡೆ ಗಾಡಿ ಇರ್ತೈತೆ ಅನ್ನೋ ನಂಬಿಕೆ ನಮ್ಮ ಕಡೆ ಯಾರಿಗೂ ಇಲ್ಲ.

ಆರ್.ಎಚ್. ಕ್ಯಾಂಪ್

ಸಿಂಧನೂರು ಬಂಗಾಲಿ ಕ್ಯಾಂಪಿನವ ನಾನು. ತಾತ ಪೂರ್ವ ಬಂಗಾಲದಿಂದ ಬಂದವರು, ಸರ್ಕಾರ ಇಲ್ಲಿ ಜಮೀನು ಕೊಟ್ಟು ಕೂಡಿಸ್ತು. ನಾನು ಹುಟ್ಟಿದ್ದು ಇಲ್ಲೇ, ಓದಿದ್ದು ಕನ್ನಡ ಸಾಲಿಯಾಗ.

ನಮ್ಮ ಮನ್ಯಾಗ ಮದುವಿ ಅಂದ್ರ ಕೋಲ್ಕತ್ತಾ ಕಡಿ ಹೋಗೂದು ಇರತದ. ಅಜ್ಜಿ, ಟ್ರಂಕು, ಮೂರು ಹುಡುಗರು, ಎಲ್ಲಾರೂ ಬಸ್ಸಿನಾಗ ಹೊಸಪೇಟೆಗೆ ಬಂದು ಅಲ್ಲಿ ಹೌರಾ ಗಾಡಿ ಕಾಯೂದು. ಅಜ್ಜಿಗೆ ಬಸ್ಸಿನಾಗ ವಾಂತಿ. 2024ರಾಗ ಸಿಂಧನೂರಿಗೆ ಗಾಡಿ ಬಂದ ಮ್ಯಾಲ ಮೊದಲ ಸಲ ಅಜ್ಜಿ ಊರಿನಾಗೇ ರೈಲು ಹತ್ತಿದಳು. ಕಿಟಕಿ ಬದಿಗೆ ಕುಂತು ಗದ್ದಿ ನೋಡಿ “ನಮ್ಮ ದೇಶ ಇದ್ದಂಗ ಅದ” ಅಂದಳು. ಯಾವ ದೇಶ ಅಂತ ನಾ ಕೇಳಲಿಲ್ಲ.

ನವರಂಗ್ ದರ್ವಾಜಾ

ತೆಲಂಗಾಣದ ಕಡಿ ಮಾತು ಯಾರೂ ಎತ್ತಲಿಲ್ಲ. ಅತ್ತ ದೇವರಕದ್ರಾದಿಂದ ಮಕ್ತಲ್ ಮ್ಯಾಲ ಕೃಷ್ಣಾ ಸ್ಟೇಷನ್ ತನಕ, ಸುಮಾರು 66 ಕಿ.ಮೀ. ಪೂರಾ ಆಗ್ಯದ. 2023ರ ಅಕ್ಟೋಬರ್ ಒಂದಕ್ಕ ಕಾಚಿಗುಡ–ರಾಯಚೂರು ಗಾಡಿ ಅದೇ ದಾರಿಯಾಗ ಬಿಟ್ರು. ನಮಗ ಹೈದರಾಬಾದಿಗೆ ವಾಡಿ ಸುತ್ತು ಹಾಕದ ಇನ್ನೊಂದು ದಾರಿ ಆಯ್ತು.

ಈಗ ಖಾಲಿ ಉಳದದ್ದು ಸಿಂಧನೂರು–ರಾಯಚೂರು ನಡುವಿಂದು. ರೋಡಿನಾಗ ಸುಮಾರು 90 ಕಿ.ಮೀ. ಇವತ್ತು ಸಿಂಧನೂರಿನವ ರೈಲಿನಾಗೇ ರಾಯಚೂರಿಗೆ ಬರತೀನಿ ಅಂತ ಹಟ ಹಿಡದ್ರ ಗಿಣಿಗೇರಾ, ಹೊಸಪೇಟೆ, ಬಳ್ಳಾರಿ, ಗುಂತಕಲ್, ಆದೋನಿ, ಮಂತ್ರಾಲಯಂ ರೋಡ್ ಎಲ್ಲಾ ನೋಡಿಕೊಂಡು ಬರಬೇಕು. ನಡುವ ಆಂಧ್ರ. ರಾಯರ ದರ್ಶನ ಪುಕ್ಕಟ.

ಇನ್ನೊಂದು ತೊಡಕು. ಸಿಂಧನೂರು ತನಕದ ಮಾರ್ಗ ನೈಋತ್ಯ ರೈಲ್ವೆದ್ದು, ಹುಬ್ಬಳ್ಳಿ ವಿಭಾಗ. ಆ ವಲಯ ಹುಟ್ಟಿದ್ದೇ 2003ರಾಗ, ಮಾರ್ಗ ಮಂಜೂರಾಗಿ ಐದಾರು ವರ್ಷ ಆದ ಮ್ಯಾಲ. ನಮ್ಮ ರಾಯಚೂರು ಸ್ಟೇಷನ್ ಬ್ಯಾರೆ ವಲಯದ್ದು, ಬ್ಯಾರೆ ವಿಭಾಗ. ಕರ್ನಾಟಕದ ಭಾಗಕ್ಕ ಜಮೀನು ಕೊಡೂದು ಬೆಂಗಳೂರಿನ ಸರ್ಕಾರ. ಮೂರು ಮನಿ ಸೊಸಿ ಆದಂಗ ಆಗ್ಯದ ಈ ಮಾರ್ಗ. ಕೊಟ್ಟೂರು ಅಜ್ಜಾರು ಹೇಳಿದ್ದು ಅದಕ್ಕೇ ನನಗ ಹೆದರಿಕಿ. ಹಳಿ ಕೂಡಿದ ಮ್ಯಾಲ ಸಿಂಧನೂರಿನ ಗಾಡಿ ರಾಯಚೂರಿಗೆ ತರಬೇಕಂದ್ರ ಎರಡು ವಿಭಾಗ ಒಪ್ಪಬೇಕು.

ಡ್ಯಾಂ ಕಾಲೊನಿ

ಇಷ್ಟೆಲ್ಲ ಬೈದಾಯಿತು. ಈ ಗಾಡಿಯಲ್ಲಿ ಒಮ್ಮೆಯೂ ಕೂತಿಲ್ಲದವರಿಗೆ ಕಿಟಕಿಯಿಂದ ಏನು ಕಾಣುತ್ತದೆ ಅಂತ ಬರೆಯುತ್ತೇನೆ.

ಗಿಣಿಗೇರಾ ಬಿಟ್ಟಾಗ ಕಾರ್ಖಾನೆ ಚಿಮಣಿ, ಗಿಡದ ಎಲೆ ಮೇಲೂ ಕೆಂಪು–ಕಪ್ಪು ಧೂಳು. ಹತ್ತು ನಿಮಿಷಕ್ಕೆ ಅದು ಹಿಂದೆ. ಆಮೇಲೆ ಕುರಿ ಹಿಂಡು, ಸೂರ್ಯಕಾಂತಿ, ಬಂಡೆ. ಜಬ್ಬಲಗುಡ್ಡದ ಹೊತ್ತಿಗೆ ಬಂಡೆಗಳು ಹಳಿಯ ಹತ್ತಿರಕ್ಕೇ ಬರುತ್ತವೆ. ಚಿಕ್ಕಬೆಣಕಲ್ಲಿನ ಸುತ್ತ ಕಾಣುವ ಗುಡ್ಡಸಾಲಿನಲ್ಲೇ ಹಿರೇಬೆಣಕಲ್ಲಿನ ಮೋರೇರ ಬೆಟ್ಟ ಇದೆ. ಮೇಲೆ ನೂರಾರು ಕಲ್ಲುಗೋರಿ, ಚಪ್ಪಡಿ ನಿಲ್ಲಿಸಿ ಮನೆ ಕಟ್ಟಿದ ಹಾಗೆ, ಎರಡು ಸಾವಿರ ವರ್ಷಕ್ಕೂ ಹಳೆಯವು. ಕೆಲವು ಚಪ್ಪಡಿಗೆ ದುಂಡಗೆ ಕಿಂಡಿ. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು. ಗಾಡಿಯಲ್ಲಿದ್ದ ಹುಡುಗರು ಆ ಕಡೆ ತಲೆ ಎತ್ತಲಿಲ್ಲ, ಎಲ್ಲರೂ ಫೋನಿನಲ್ಲಿ.

ಗಂಗಾವತಿಯಲ್ಲಿ ಅಂಜನಾದ್ರಿಗೆ ಹೋಗುವವರು ಇಳಿಯುತ್ತಾರೆ. ಹನುಮಮಾಲೆ ಹೊತ್ತಿನಲ್ಲಿ ಡಬ್ಬಿ ಪೂರ್ತಿ ಕೇಸರಿ. ಆಮೇಲೆ ಎರಡೂ ಕಡೆ ಹಸಿರು, ಬೆಳ್ಳಕ್ಕಿ, ನೀರಿನಲ್ಲಿ ಆಕಾಶ. ಶ್ರೀರಾಮನಗರದ ಕಡೆ ಬಂದಾಗ ತೆಲುಗು ಮಾತು ಜಾಸ್ತಿ, ಕಾಲುವೆ ಬಂದ ಹೊಸದರಲ್ಲಿ ಆಂಧ್ರದಿಂದ ಬಂದು ಗದ್ದೆ ಮಾಡಿದವರ ಕ್ಯಾಂಪುಗಳು. ಕಾರಟಗಿ ಬಂತು ಅಂತ ಬೋರ್ಡು ನೋಡಬೇಕಿಲ್ಲ, ಮಿಲ್ಲಿನ ತೌಡಿನ ವಾಸನೆ, ಭತ್ತ ಕುದಿಸಿದ ಹಬೆಯ ವಾಸನೆ ಸಾಕು.

ಕುಷ್ಟಗಿ ಹುಡುಗ

ನಾನು ಕೇಳಿದ್ದು ತಪ್ಪಾತು, ಎಲ್ಲಾರೂ ಸೇರಿ ಬಡದ್ರಿ. ಆದ್ರ ಒಂದು ಮಾತು, ನಮ್ಮ ಕಡಿ ಕೆಳಸೇತುವಿಯಾಗೂ ನೀರು ನಿಂದರತಾವ. ಒಣ ಸೀಮಿ ಅಂತ ಬಿಟ್ಟಿಲ್ಲ. ಮರಂ ಅಣ್ಣಾವ್ರು ಡ್ರಾಯಿಂಗ್ ಒಂದನ್ನ ಎಲ್ಲಾ ಕಡಿ ಝೆರಾಕ್ಸ್ ಮಾಡ್ಯಾರ ಅನ್ನಸತೈತಿ.

ಮರಂ ಮತ್ತು ಜಲ್ಲಿ

ಅದು ನಾನು ಬರೆದ ಡ್ರಾಯಿಂಗ್ ಅಲ್ಲಪ್ಪ.

ಕಾರಟಗಿ ಕಾಲುವಿ

ಎಲ್ಲಾರಿಗೂ ಶರಣು. ಇವತ್ತ ರಾತ್ರಿ ಫೋನಿನ್ಯಾಗ ನಮ್ಮಪ್ಪಗ ಇದನ್ನೆಲ್ಲಾ ಓದಿ ಹೇಳಿದೆ, ಮುಕ್ಕಾಲು ತಾಸು. 1871 ಅಂದಾಗ ಹೂಂ ಅಂದ. ಗುಂತಕಲ್ ಸುತ್ತಿ ರಾಯಚೂರು ಅಂದಾಗ ನಕ್ಕ. ಬೇವಿನ ಗಿಡ ಈಗ ಐತೇನು ಅಂತ ಕೇಳ್ಯಾನ, ರಾಯಚೂರಿನವರು ಹೇಳ್ರಿ.

ರಾಯಚೂರಿಗೆ ಗಾಡಿ ಬಂದ್ರ ಕರಕೊಂಡು ಹೋಗತೀನಿ ಅಂದೆ. “ಅಲ್ಲೇನು ಕೆಲಸ ಐತಿ ಈಗ? ನಮ್ಮ ಕಾಗದ ಎಲ್ಲಾ ಕೊಪ್ಪಳಕ್ಕ ಹೋದುವಲ್ಲ” ಅಂದ. ಆಮ್ಯಾಲ ಸಿದ್ದಾಪುರದವರ ಮಾತು ಇನ್ನೊಮ್ಮೆ ಓದು ಅಂದ. ಓದಿದೆ. ಅವ ಕೇಳಿದ್ದು ಇಷ್ಟ: ಅವರ ಕೆಳಗಿನ ತುಂಡಿಗೆ ಪೈಪ್ ಹಾಕ್ಯಾರೋ ಇಲ್ಲೋ?

ಸಿದ್ದಾಪುರ ಗದ್ದಿ

ಹಾಕ್ಯಾರ ಅಂತ ಹೇಳ್ರಿ ಕಾಕಾರಿಗೆ. ಮೂರನೇ ಅರ್ಜಿಗೆ ಹಾಕಿದ್ರು. ಒಂದು ಗೇಣು ಮ್ಯಾಲ ಕುಂತೈತಿ, ಮ್ಯಾಲಿನ ಮಡಿ ತುಂಬಿ ತುಳುಕಿದ ಮ್ಯಾಲನ ಆ ಕಡಿ ನೀರು ದಾಟತೈತಿ. ಈಗ ಆಪು ಹುಲ್ಲು ಬೆಳದು ಬಾಯಿ ಕಟ್ಟೈತಿ. ಕಾಲುವಿಗೆ ನೀರು ಬಿಡೂದ್ರಾಗ ನಾನು ನನ್ನ ತಮ್ಮ ಕೂಡಿ ಕಿತ್ತಿ ತೆಗಿಬೇಕು.